ಕಡ್ಡಿಪೆಟ್ಟಿಗೆಯ ಇಟ್ಟಂಗಿ

ಈ ಸಾವಕ್ಕನ ಬಾಯಿಗೆ ಬೀಗವಿಲ್ಲ ಎಂದು ನಮ್ಮ ಓಣಿಯವರು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆದರೆ ಆ ಹುಡುಗಿ ಆಡಿದ ಆಟದಿಂದಲೇ ಮನೆ ಬಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರಲ್ಲ, ಮೊದಲು ಅವರ ಬಾಯಿಗೆ ಬೀಗ ಜಡಿಯಬೇಕು. ನಾನು ಪಕ್ಕದ ಮನೆಯವಳು. ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೇ. ಆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದ ವರ್ಷ ಅದು. ಗಣಪತಿ ಕಳಿಸಿ ಬಂದು ಮಲಗಿದ್ದೆವು, ಬೆಳಗಿನ ಜಾವ ನೆಲ ನಡುಗಿತು. ಅಥಣಿ ಸೀಮೆಯ ನಮ್ಮ ಊರಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ. ಹಲಗೆಯ ಮೇಲಿನ ಡಬ್ಬಿಗಳು ಉರುಳಿದವು, ಮಣ್ಣಿನ ಮಾಳಿಗೆಗಳು ಅಲ್ಲಲ್ಲಿ ಬಿರುಕು ಬಿಟ್ಟವು. ಮುಂಜಾನೆ ರೇಡಿಯೊದಲ್ಲಿ ಕಿಲ್ಲಾರಿಯಲ್ಲಿ ಮಂದಿ ಸತ್ತ ಸುದ್ದಿ ಕೇಳಿದ ಮೇಲೆ ಮಾತ್ರ ಒಳಗೆ ಮಲಗುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಊರಿಗೆ ಊರೇ ಕೌದಿ ಹೊತ್ತುಕೊಂಡು ಅಂಗಳಕ್ಕೆ ಬಂತು.

ಪಕ್ಕದ ಮನೆ ಮಲಕಾರಿಯದು. ಕುರಿ ಸಾಕಿದವನು, ಜೊತೆಗೆ ತುಂಡು ಹೊಲ. ಹೆಂಡತಿ ಹೆರಿಗೆಯಲ್ಲಿ ಹೋದಳು. ಉಳಿದ ಕೂಸನ್ನು ಮಲಕಾರಿಯ ತಾಯಿ ದುಂಡವ್ವ ಆಡಿನ ಹಾಲು ಕುಡಿಸಿ ಬದುಕಿಸಿದಳು. ಆ ಕೂಸೇ ಹೊಳೆವ್ವ, ಆಗ ಏಳನೇ ತರಗತಿಯಲ್ಲಿದ್ದಳು. ಅಪ್ಪ ಕುರಿಗಳ ಹಿಂದೆ ಊರೂರು ತಿರುಗುವವನು. ಹುಡುಗಿಗೆ ಲೋಕದಲ್ಲಿ ಇದ್ದದ್ದೇ ಆ ಮುದುಕಿ. ಶಾಲೆ ಬಿಟ್ಟ ಕೂಡಲೇ "ಆಯೀ" ಎಂದು ಕೂಗುತ್ತಲೇ ಓಣಿ ಹೊಗುತ್ತಿದ್ದಳು.

ಶಾಲೆಗೆ ಕಾಗವಾಡದ ಕಡೆಯ ಜಿನ್ನಪ್ಪ ಮಾಸ್ತರ ಎಂಬವರು ವಿಜ್ಞಾನ ಕಲಿಸಲು ಬಂದಿದ್ದರು. ಪುಸ್ತಕ ಮುಚ್ಚಿಟ್ಟು ಪಾಠ ಹೇಳುವ ಮನುಷ್ಯ. ಕಂದೀಲು ಹಚ್ಚಿ, ಲಿಂಬೆಹಣ್ಣು ತಿರುಗಿಸಿ, ಅಮಾವಾಸ್ಯೆ ಹೇಗೆ ಆಗುತ್ತದೆಂದು ತೋರಿಸಿದ್ದರಂತೆ. ಶಾಲೆಯ ಹಿಂದೆ ಹುಡುಗರಿಂದ ತಗ್ಗು ತೋಡಿಸಿ, ಎರೆಮಣ್ಣಿನ ಕೆಳಗೆ ಯಾವ ಮಣ್ಣು, ಅದರ ಕೆಳಗೆ ಯಾವ ಕಲ್ಲು ಎಂದು ಅವರ ಕೈಯಿಂದಲೇ ಮುಟ್ಟಿಸಿದ್ದರು. ಮಾಸ್ತರಿಗೆ ನಿಧಿಯ ಆಸೆ ಎಂದು ಮಂದಿ ನಕ್ಕಿದ್ದೂ ಆಯಿತು.

ಭೂಕಂಪದ ಮರುವಾರ ನಾನು ನೀರಿಗೆಂದು ಶಾಲೆಯ ಬೋರಿಂಗಿಗೆ ಹೋಗಿದ್ದೆ. ಅಂಗಳದಲ್ಲಿ ಹುಡುಗರ ಗುಂಪು. ಕಡ್ಡಿಪೆಟ್ಟಿಗೆಯಲ್ಲಿ ಮಣ್ಣು ಮೆತ್ತಿ ಪುಟ್ಟ ಪುಟ್ಟ ಇಟ್ಟಂಗಿ ಮಾಡಿ, ಒಣಗಿಸಿ, ಒಂದು ತಗಡಿನ ಮೇಲೆ ಎರಡು ಮನೆ ಕಟ್ಟಿದ್ದರು. ಒಂದಕ್ಕೆ ಜೋಳದ ಕಣಿಕೆಯ ಚಪ್ಪರ, ಇನ್ನೊಂದಕ್ಕೆ ನಮ್ಮ ಮನೆಗಳ ಹಾಗೆ ದಪ್ಪ ಮಣ್ಣಿನ ಮಾಳಿಗೆ. ತಗಡಿನ ಕೆಳಗೆ ಗೋಲಿಗುಂಡು. ಮಾಸ್ತರರು ತಗಡಿಗೆ ಕಟ್ಟಿದ ದಾರವನ್ನು ಹಿಂದೆ ಮುಂದೆ ಎಳೆದರು. ಚಪ್ಪರದ ಮನೆ ಓಲಾಡಿ ನಿಂತಿತು, ಮಾಳಿಗೆ ಮನೆ ಕುಸಿದು ಗುಪ್ಪೆಯಾಯಿತು.

"ಭೂಮಿ ನಡಗಿದ್ರ ಮಂದಿ ಸಾಯೂದು ನಡುಕಕ್ಕಲ್ಲ, ತಲಿ ಮ್ಯಾಲಿನ ಭಾರಕ್ಕ," ಎಂದರು ಮಾಸ್ತರರು.

ಹೊಳೆವ್ವ ಎದ್ದು ನಿಂತಳು. "ಸರ್, ಮಾಳಗಿ ಮಣ್ಣು ತೋಯ್ದಿತ್ತಂದ್ರ?"

"ನೀನ ಮಾಡಿ ನೋಡವಾ."

ಅವಳು ಇನ್ನೊಂದು ಮನೆ ಕಟ್ಟಿ, ಮಾಳಿಗೆಯ ಮೇಲೆ ಲೋಟದಿಂದ ನೀರು ಸುರಿದಳು. ಮಣ್ಣು ನೀರನ್ನೆಲ್ಲ ಕುಡಿಯಿತು. ತುಸು ಹೊತ್ತಿಗೆ ಒಂದು ಗೋಡೆ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿತು, ಆಮೇಲೆ ಇಡೀ ಮನೆ ಧೊಪ್ಪೆಂದು ಬಿತ್ತು. ದಾರವನ್ನು ಯಾರೂ ಮುಟ್ಟಿರಲಿಲ್ಲ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಹೊಳೆವ್ವ ಮಾತ್ರ ನಗಲಿಲ್ಲ.

ನಮ್ಮ ಮಾಳಿಗೆಗಳ ಕತೆ ಹೇಳಬೇಕು. ತೊಲೆ, ಜಂತಿ, ಮೇಲೆ ಕಟ್ಟಿಗೆ, ಅದರ ಮೇಲೆ ಕರಲು ಮಣ್ಣು. ಹಳ್ಳದ ದಂಡೆಯಲ್ಲಿ ಸಿಗುವ ಬಿಳಿ ಮಣ್ಣು ಅದು, ನೀರು ತಾಗಿದರೆ ಉಬ್ಬಿ ಬಿರುಕು ಮುಚ್ಚುತ್ತದೆ. ಪ್ರತಿವರ್ಷ ಮುಂಗಾರಿನ ಮಿರಗದ ಮಳೆಗೆ ಮೊದಲು ಹೊಸದನ್ನು ಹಾಕುತ್ತೇವೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ದುಂಡವ್ವನ ಮಾಳಿಗೆಯ ಮಣ್ಣು ಮೊಣಕಾಲು ಮುಟ್ಟುತ್ತಿತ್ತು.

ನವರಾತ್ರಿ ಹತ್ತಿರ ಬಂತು, ಮಲಕಾರಿ ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ ಹಬ್ಬಕ್ಕೆ ಊರಿಗೆ ಬಂದ. ನಮ್ಮಲ್ಲಿ ಘಟ ಹಾಕುತ್ತಾರೆ. ದೇವರ ಮುಂದೆ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ಕೊಡ ಇಟ್ಟು, ಪಕ್ಕದಲ್ಲಿ ದೀಪ. ಹಬ್ಬ ಮುಗಿಯುವವರೆಗೆ ಆ ದೀಪ ಆರಬಾರದು, ಘಟ ಕದಲಬಾರದು. ಮಾಳಿಗೆಯ ಬಿರುಕು ಸರಿಯಾಗಿ ದೇವರ ಮೂಲೆಯ ಮೇಲೇ ಬಿಟ್ಟಿತ್ತು.

"ಘಟದ ಮ್ಯಾಲ ಸೋರಿದ್ರ ಮನಿತನಕ್ಕ ಒಳ್ಳೇದಲ್ಲ. ಮ್ಯಾಲ ಕರಲ ಹಾಕು," ಎಂದು ದುಂಡವ್ವ ಮಗನಿಗೆ ಹೇಳಿದಳು.

ಹೊಳೆವ್ವ ಅಡ್ಡ ನಿಂತಳು. "ಬ್ಯಾಡ ಆಯಿ! ಮೊದಲ ಭಾಳ ಭಾರ ಆಗೇತಿ. ಹಳೇದ ತಗಸು!" ಬಾಯಿಮಾತು ಸಾಲದೆಂದು ಶಾಲೆಯ ತಗಡು, ಇಟ್ಟಂಗಿ ತಂದು ಅಂಗಳದಲ್ಲೇ ಮನೆ ಕಟ್ಟಿ ನೀರು ಹೊಯ್ದಳು. ಅದು ಬಿದ್ದಾಗ ನೋಡಲು ಬಂದ ಹೆಂಗಸರೆಲ್ಲ ಹೌಹಾರಿದರು.

"ಬಿಡ್ತು ಅನ್ನ!" ದುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹಬ್ಬದಾಗ ಮನಿ ಬೀಳೂ ಆಟ ಆಡ್ತಿ ಏನ ಬೇ, ಕೆಟ್ಟ ಕೂಸ!" ಗುಪ್ಪೆಯಾದ ಮಣ್ಣನ್ನು ಬಳಿದು ಬಾಗಿಲಾಚೆ ಚೆಲ್ಲಿ, ಸಗಣಿ ನೀರು ಚಿಮುಕಿಸಿದಳು.

ನಾನು ಗೋಡೆಯ ಮೇಲಿಂದಲೇ ಕೂಗಿದೆ, "ಏ ಮಲಕಾರಿ, ಹುಡುಗಿ ಹೇಳೂದರಾಗ ಏನರ ಇದ್ದೀತು, ವಿಚಾರ ಮಾಡೋ." ಅವನ ಉತ್ತರ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. "ಅಕಿ ಅಂದದ್ದೂ ಖರೆ, ಅವ್ವ ಅಂದದ್ದೂ ಖರೆ," ಎಂದ.

ಜಿನ್ನಪ್ಪ ಮಾಸ್ತರರೂ ಮನೆಗೆ ಬಂದರು. ಮಣ್ಣು ಬೇಡ, ತಾಡಪತ್ರಿ ಹೊದಿಸಿ ಎಂದು ಕೈಮುಗಿದು ಕೇಳಿದರು. ತಾಡಪತ್ರಿ ಕುರಿಹಟ್ಟಿಯಲ್ಲಿತ್ತು, ಕುರಿಗಳು ಕೃಷ್ಣೆಯ ದಂಡೆಗೆ, ಕುಡಚಿಯ ಆಚೆಗೆ ಹೋಗಿದ್ದವು. ದುಂಡವ್ವ ಮಾಸ್ತರರಿಗೆ ಚಹಾ ಕೊಟ್ಟಳು. "ನಿಮ್ಮ ಸಾಲಿಗೆ ಹಂಚದಾವ್ರಿ ಮಾಸ್ತರ. ನಮ್ಮ ಮನಿ ಈ ಮಣ್ಣಿನಾಗ ಬಾಳೇ ಮಾಡೇತಿ," ಎಂದಳು. ಅಲ್ಲಿಗೆ ಮುಗಿಯಿತು.

ಮಲಕಾರಿ ಹಳ್ಳದಿಂದ ಗಾಡಿ ತುಂಬ ಕರಲು ತಂದು ಸುರಿದ. ಮೇಲೆ ನಿಂತು ಹರವುವವನು ಅವನು. ಹೊರುವವರು ಬೇಕಲ್ಲ? ಬುಟ್ಟಿಯನ್ನು ಹೊಳೆವ್ವನ ತಲೆಗೇ ಏರಿಸಿದರು. ಅಳುತ್ತ ಏಣಿ ಹತ್ತಿದಳು, ಅಳುತ್ತ ಇಳಿದಳು. ನಾನು ಮಲಕಾರಿಯನ್ನು ಕೂಗಿದೆ. "ಅಳಕೋತ ಹೊತ್ತ ಮಣ್ಣು ಒಳ್ಳೇದಲ್ಲೋ!" ಎಂದು ಬೈದೆ. ಮಂದಿಯ ಮನೆಯ ವಿಚಾರ ನಿನಗೇಕೆ ಎಂದು ನನ್ನ ಗಂಡ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಘಟ ಕೂತಿತು. ಎಲ್ಲರೂ ಅಂಗಳದಲ್ಲಿ ಮಲಗಿದರೆ ದುಂಡವ್ವ ಒಬ್ಬಳೇ ಒಳಗೆ ದೀಪದ ಬಳಿ ಮಲಗುತ್ತಿದ್ದಳು. ಹುಡುಗಿ ಎಷ್ಟು ಕರೆದರೂ ಬರಲಿಲ್ಲ. "ದೀಪ ಯಾರ ನೋಡಬೇಕವಾ? ನಿನ್ನ ಆಯಸ್ಸಿಗೆ ಹಚ್ಚೀನಿ ಅದನ್ನ," ಎನ್ನುತ್ತಿದ್ದಳು.

ಘಟದ ಸಸಿ ಬೆರಳುದ್ದ ಆಗುವ ಹೊತ್ತಿಗೆ ಹಿಂಗಾರಿ ಮಳೆ ಹಿಡಿಯಿತು. ಹಗಲು ರಾತ್ರಿ ಒಂದೇ ಸಮ. ಭೂಕಂಪದ ಹೆದರಿಕೆ ಮಳೆಯ ಮುಂದೆ ನಿಲ್ಲಲಿಲ್ಲ, ನಾವೆಲ್ಲ ಒಳಗೆ ಹೋದೆವು. ಹೊಳೆವ್ವ ಹೋಗಲಿಲ್ಲ. ಗೋಣಿಚೀಲ ತಲೆಗೆ ಹಾಕಿಕೊಂಡು ಗಾಡಿಯ ಕೆಳಗೆ ಮುದುರಿ ಕೂತಳು. ಅಪ್ಪ ಬೈದು ಬೈದು ಸೋತ. ದುಂಡವ್ವ ಹೊಸ್ತಿಲಿಗೆ ಬಂದು ಕರೆಯುತ್ತಿದ್ದಳು, "ಬಾರ ಬೇ ಒಳಗ, ನೋಡ ಬಾ, ಒಂದ ಹನಿ ಸೋರಿಲ್ಲ!"

ಸೋರಿರಲಿಲ್ಲ, ನಿಜ. ಅಷ್ಟೂ ಮಳೆಯನ್ನು ಮಾಳಿಗೆ ಕುಡಿದು ಕೂತಿತ್ತು.

ಮಳೆ ನಿಂತ ಮುಂಜಾನೆ ಬಿಸಿಲು ಬಿತ್ತು. ಮಲಕಾರಿ ದನ ಬಿಡಲು ಹೋಗಿದ್ದ. ನಾನು ನೀರೊಲೆ ಹಚ್ಚುತ್ತಿದ್ದೆ. ಹೊಳೆವ್ವನ ಚೀರಾಟ ಕೇಳಿತು. "ಆಯೀ! ಗ್ವಾಡಿ ಹೊಟ್ಟಿ ಬಂದೈತಿ! ಹೊರಗ ಬಾ, ಆಯೀ!"

ನಾನು ಓಡಿ ಬಂದು ನೋಡಿದೆ. ದೇವರ ಕೋಣೆಯ ಗೋಡೆ, ತಗಡಿನ ಮೇಲೆ ಕಂಡಿದ್ದೆನಲ್ಲ, ಅದೇ ಹೊಟ್ಟೆ. ನಾನೂ ಚೀರಿದೆ. ಒಳಗಿನಿಂದ ದುಂಡವ್ವನ ದನಿ ನೆಮ್ಮದಿಯಾಗಿಯೇ ಬಂತು. "ಬಂದ್ನಿ ತಡೀ, ದೀಪಕ್ಕ ಎಣ್ಣಿ ಹಾಕಿ ಬರ್ತೀನಿ."

ಹುಡುಗಿ ಒಳಗೆ ನುಗ್ಗಹೋದಳು. ನಾನು ನಡುವಿನ ಗೋಡೆ ಜಿಗಿದು ಹೊಸ್ತಿಲಲ್ಲೇ ಅವಳ ಪರಕಾರದ ನೆರಿಗೆ ಹಿಡಿದು ಹೊರಗೆ ಜಗ್ಗಿದೆ. ಅಷ್ಟರಲ್ಲಿ ಮನೆ ಬಿತ್ತು, ದುಂಡವ್ವ ಒಳಗೇ ಉಳಿದಳು. ಶಿವನೇ, ಆ ಸದ್ದು! ಆಮೇಲೆ ಏನೂ ಇಲ್ಲ, ಧೂಳು ಕೂಡ ಏಳಲಿಲ್ಲ. ಅಷ್ಟು ತೋಯ್ದಿತ್ತು ಮಣ್ಣು.

ಊರು ಸೇರಿತು. ಸಲಿಕೆ, ಬುಟ್ಟಿ ಬಂದವು. ಓಡಿಬಂದ ಮಲಕಾರಿ ತಲೆ ಹಿಡಿದುಕೊಂಡು ಅಲ್ಲೇ ಕುಸಿದ. ಅಗೆಯುವವರ ಹಿಂದೆಯೇ ಯಾರೋ ಶುರುಮಾಡಿದರು, "ಈ ಹುಡುಗಿ ಅಂಗಳದಾಗ ಮನಿ ಕೆಡವಿದ್ಲಲ್ಲ, ಅದಕ್ಕ ಹಿಂಗಾತು. ಆ ಮಾಸ್ತರ ಕಲಿಸಿದ್ದ." ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಿನ್ನಪ್ಪ ಮಾಸ್ತರರು ಮೊಣಕಾಲೂರಿ ಕೈಯಿಂದಲೇ ಮಣ್ಣು ಎಳೆಯುತ್ತಿದ್ದರು.

ಹೊಳೆವ್ವ ತನ್ನ ಬುಟ್ಟಿಯನ್ನು ಹುಡುಕಿ ತಂದಳು. ನಾನು ಅವಳನ್ನು ತಬ್ಬಿ ಪಕ್ಕಕ್ಕೆ ಕರೆದೊಯ್ಯಲು ನೋಡಿದೆ. ಅವಳು ನನ್ನ ಕೈ ಬಿಡಿಸಿಕೊಂಡು ಗುಪ್ಪೆಯ ಮೇಲ್ಭಾಗಕ್ಕೆ ಬೆರಳು ಮಾಡಿದಳು. ಕೆಳಗಿನ ಹಳೆಯ ಮಣ್ಣೆಲ್ಲ ಕಪ್ಪಾಗಿತ್ತು, ಮೇಲೆ ಮಾತ್ರ ಹೊಸ ಕರಲು ಬೆಳ್ಳಗೆ ಕಾಣುತ್ತಿತ್ತು.

"ಅತ್ತಿ, ಆ ಬಿಳೀದಷ್ಟು ನಾ ಹೊತ್ತದ್ದು," ಎಂದಳು. "ಅದನ್ನ ಯಾರೂ ಮುಟ್ಟಬ್ಯಾಡ್ರಿ. ನಾನ ತಗೀತೀನಿ."