ಈ ಸಲ ಹಕೀಮ ಯಾರು

ಭಾನುವಾರ ಊಟ ಆದ್ಮೇಲೆ ನಮ್ಮನೇಲಿ ಯಾರೂ ಮಲಗಲ್ಲ, ಪೂರ್ತಿ ಎಚ್ಚರವಾಗೂ ಇರಲ್ಲ. ಕೊಡಿಗೇಹಳ್ಳಿಯ ಹಳೇ ಮನೆ ಇದು. ಹಿಂದಿನ ಹೊಂಗೆ ಮರದ ನೆರಳು ಕಿಟಕಿಯಿಂದ ಬಂದು ಗೋಡೆ ಮೇಲೆ ಅಲ್ಲಾಡ್ತಾ ಇರುತ್ತೆ. ಏರ್‌ಪೋರ್ಟ್ ರಸ್ತೆಯ ಸದ್ದು ಒಂದೇ ಸಮ ಕೇಳಿ ಕೇಳಿ ಜೋಗುಳ ಆಗಿಬಿಟ್ಟಿದೆ. ಆ ಹೊತ್ತಲ್ಲಿ ಅಬ್ಬಾನ ಹಳೇ ಕಂಪ್ಯೂಟರ್ ಆನ್ ಮಾಡಿ, ನಾನೂ ನನ್ನಿಬ್ಬರು ತಮ್ಮಂದಿರೂ ಗುಹೆಗೆ ಇಳೀತೀವಿ.

ಗುಹೆ ಅಂದ್ರೆ ಆಟದ್ದು. ಕಪ್ಪು ಪರದೆ, ನೀಲಿ ಗೆರೆ, ಅಷ್ಟೇ. ಆದ್ರೂ ಸ್ವಲ್ಪ ಹೊತ್ತು ನೋಡ್ತಾ ಕೂತ್ರೆ ಆ ಗೆರೆಗಳು ಗೋಡೆಯಾಗ್ತವೆ, ಗೋಡೆಯಿಂದ ತಣ್ಣನೆ ಗಾಳಿ ಬರುತ್ತೆ, ಸುಳ್ಳಲ್ಲ. ಒಳಗೆ ಹೋಗೋಕೆ ನಾಲ್ಕು ಜನರ ತಂಡ ಬೇಕು. ಕತ್ತಿ ಹಿಡಿದು ಹೊಡೆಯೋಕೆ ಪೈಲ್ವಾನ್, ಬೆಂಕಿ ಎಸೆಯೋಕೆ ಜಾದೂಗಾರ, ಬೀಗ ಬಿಚ್ಚೋಕೆ ಕಳ್ಳ, ಗಾಯ ವಾಸಿ ಮಾಡೋಕೆ ಹಕೀಮ. ಹೆಸರೆಲ್ಲ ಅಬ್ಬಾ ಇಟ್ಟಿದ್ದು. ನಾಲ್ಕರಲ್ಲಿ ಒಂದು ಕಮ್ಮಿಯಾದ್ರೂ ಸಾಕು, ತಂಡ ಹೋದ ದಾರೀಲಿ ವಾಪಸ್ ಬರಲ್ಲ.

ಅಬ್ಬಾನ ಇನ್ನೊಂದು ಕಾನೂನಿತ್ತು. ನಿಮ್ಮ ಆಳನ್ನ ನೀವೇ ಆರಿಸ್ಕೊಳ್ಳೋ ಹಾಗಿಲ್ಲ, ಎಡಗಡೆ ಕೂತವರು ಆರಿಸ್ಬೇಕು. ಅವರವರನ್ನೇ ಕೇಳಿದ್ರೆ ಎಲ್ಲರೂ ಪೈಲ್ವಾನೇ ಅಂತಾರೆ, ಪಕ್ಕದವರಿಗೆ ಅಸಲಿ ಮುಖ ಗೊತ್ತಿರುತ್ತೆ ಅಂತ ಅವರ ವಾದ. ಅಬ್ಬಾ ನನಗೆ ಆರಿಸ್ತಿದ್ರು, ನಾನು ದೊಡ್ಡ ತಮ್ಮ ಜೀಷಾನ್‌ಗೆ, ಅವನು ಚಿಕ್ಕವನು ಅರ್ಮಾನ್‌ಗೆ, ಅರ್ಮಾನ್ ಅಬ್ಬಾಗೆ. ನಾನು ಪ್ರತೀ ಸಲ ಹಕೀಮ. ಲುಬ್ನಾಳ ಕೈಗುಣ ಒಳ್ಳೇದು ಅಂತಿದ್ರು ಅಬ್ಬಾ. ಆ ಹಾಳು ಕೈಗುಣ ನನ್ನ ಕುತ್ತಿಗೆಗೇ ಬಂತು.

ಅಬ್ಬಾ ತೀರ್ಕೊಂಡ ಮೇಲೆ ಅಮ್ಮಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಯ್ತು, ನಡಿಗೆ ಬರ್ಲಿಲ್ಲ. ಹಾಲ್‌ನಲ್ಲೇ ಮಂಚ ಹಾಕಿದ್ದೀವಿ. ಎಬ್ಬಿಸಿ ಕೂರಿಸೋದು, ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡಿಸೋದು, ಕಾಲಿಗೆ ಎಣ್ಣೆ ತಿಕ್ಕೋದು, ಎಲ್ಲ ನಾನೇ. ತಮ್ಮಂದಿರು ಭಾನುವಾರ ಕೆಂಪಾಪುರದಿಂದ ಒಬ್ಬ, ಆರ್‌ಟಿ ನಗರದಿಂದ ಒಬ್ಬ ಬಿರಿಯಾನಿ ಹಿಡ್ಕೊಂಡು ಬರ್ತಾರೆ, ಅಮ್ಮಿ ಹಣೆಗೆ ಮುತ್ತಿಡ್ತಾರೆ, ಆಪಾ ಇರೋದ್ರಿಂದ ನಾವು ನಿಶ್ಚಿಂತೆ ಅಂತಾರೆ. ಮೈಯೆಲ್ಲ ಉರಿಯುತ್ತೆ ನನಗೆ. ಅಮ್ಮಿ ಅಂದ್ರೆ ನನಗೆ ಪ್ರಾಣ, ಅದು ಬೇರೆ ಮಾತು.

ನನ್ನ ಕೆಲಸ ಮಡಕೆ ಚಿತ್ರ ಬರೆಯೋದು. ನೆಲ ಅಗೆದಾಗ ಸಿಗೋ ಸಾವಿರಾರು ವರ್ಷದ ಚೂರುಗಳನ್ನ ಅಳತೆ ಹಿಡಿದು ಕಾಗದಕ್ಕಿಳಿಸ್ತೀನಿ. ಇಷ್ಟು ದಿನ ಚೂರುಗಳು ಡಬ್ಬದಲ್ಲಿ ನಮ್ಮ ಆಫೀಸಿಗೇ ಬರ್ತಿದ್ವು. ಈಗ ರಾಯಚೂರಿನ ಕಡೆ ಒಂದು ಕ್ಯಾಂಪಿಗೆ, ಅಗೆಯೋ ಗುಂಡಿಯ ಪಕ್ಕಕ್ಕೇ, ಆರು ತಿಂಗಳು ಬಾ ಅಂತ ಕರೆದಿದ್ದಾರೆ. ಆ ಗುಂಡಿ ನನ್ನ ಕನಸಲ್ಲಿ ಬರುತ್ತೆ, ಇಳೀತಾ ಹೋದ್ರೆ ಅದರ ಗೋಡೆಗೂ ನೀಲಿ ಗೆರೆ ಇರುತ್ತೆ. ಹೂಂ ಅಥವಾ ಉಹೂಂ, ಭಾನುವಾರ ಸಂಜೆಯೊಳಗೆ ಹೇಳ್ಬೇಕಿತ್ತು. ಮನೇಲಿ ಯಾರಿಗೂ ಹೇಳಿರ್ಲಿಲ್ಲ. ಹೇಳಿ ಏನ್ ಪ್ರಯೋಜನ, ಉತ್ತರ ಉಹೂಂ ಅಂತ ಮೊದಲೇ ಗೊತ್ತಿತ್ತಲ್ಲ.

ಅದೇ ಭಾನುವಾರ ನಾವು ಹೊಸ ತಂಡ ಕಟ್ಟೋಕೆ ಕೂತ್ವಿ. ಅಬ್ಬಾ ಹೋದ ಮೇಲೂ ಅವರಿದ್ದ ತಂಡವನ್ನೇ ಆಡಿಸ್ಕೊಂಡು ಬಂದಿದ್ವಿ, ಅವರ ಕಳ್ಳ ನಮ್ಮ ಜೊತೆಗೇ ನಡೀತಿದ್ದ. ಹಿಂದಿನ ವಾರ ಗುಹೆಯ ತಳದಲ್ಲಿ ಎಲ್ಲರೂ ಒಟ್ಟಿಗೇ ಸತ್ತೋದ್ರು. ಆವತ್ತು ಆಟ ಅಲ್ಲಿಗೇ ನಿಲ್ಲಿಸಿ ಎದ್ದಿದ್ವಿ.

ಜೀಷಾನ್ ಕೀಬೋರ್ಡ್ ಎಳ್ಕೊಂಡು, ಆಪಾ ಹಕೀಮ ತಾನೆ, ಅದರಲ್ಲಿ ಕೇಳೋದೇನಿದೆ ಅಂದ. ಎಷ್ಟು ಸಲೀಸಾಗಿ ಅಂದ ಅಂದ್ರೆ, ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ನಾನು ಹಕೀಮ ಆಗಲ್ಲ," ಅಂದೆ.

ಇಬ್ಬರೂ ನನ್ನ ಮುಖ ನೋಡಿದ್ರು. ಹಕೀಮ ಇಲ್ದೇ ಹೋದ್ರೆ ಮೊದಲನೇ ತಿರುವಲ್ಲೇ ಎಲ್ಲರೂ ಸಾಯ್ತೀವಿ ಅಂತ ಅರ್ಮಾನ್ ಮೆತ್ತಗೆ ಹೇಳಿದ. ಸಾಯ್ರಿ ಅಂದೆ. ಕಣ್ಣಲ್ಲಿ ನೀರು ಬಂತು, ಒರೆಸ್ಕೊಳ್ಳೋಕೂ ಹೋಗ್ಲಿಲ್ಲ.

ಆಗ ಮಂಚದಿಂದ ಅಮ್ಮಿ, ನಿಮ್ಮ ಅಬ್ಬಾ ಜಾಗಕ್ಕೆ ನನ್ನ ಸೇರಿಸ್ಕೊಳ್ಳಿ ಅಂದ್ರು. ನಮ್ಮನೆ ಮಾತು ದಖನಿ ಉರ್ದು, ಆದ್ರೆ ಅಮ್ಮಿ ಹುಟ್ಟಿ ಬೆಳೆದಿದ್ದು ಅಟ್ಟೂರಲ್ಲಿ. ಗಂಭೀರವಾದ್ದು ಏನಾದ್ರೂ ಹೇಳ್ಬೇಕಂದ್ರೆ ಅಲ್ಲಿನ ಕನ್ನಡವೇ ಬಾಯಿಗೆ ಬರೋದು. ಈ ಆಟಕ್ಕೆ ದೆವ್ವದ ಪೆಟ್ಟಿಗೆ ಅಂತ ಹೆಸರಿಟ್ಟವರು ಅವರು, ಒಂದು ದಿನವೂ ಹತ್ರ ಸುಳಿದವರಲ್ಲ. ಅರ್ಮಾನ್ ಮಂಚವನ್ನ ನನ್ನ ಎಡಕ್ಕೆ ಜರುಗಿಸಿದ.

ಅಮ್ಮಿ ನಾಲ್ಕೂ ಆಳುಗಳ ಕೆಲಸ ಏನು ಅಂತ ವಿಚಾರಿಸಿದ್ರು. ಕತ್ತಲಲ್ಲಿ ಎಲ್ಲರಿಗಿಂತ ಮುಂದೆ ಹೋಗೋರು ಯಾರು ಅಂತ ಕೇಳಿದ್ರು. ಕಳ್ಳ, ಬಾಗಿಲು ನೋಡೋಕೆ ಒಬ್ಬನೇ ಹೋಗ್ತಾನೆ, ಮಿಕ್ಕವರು ಹಿಂದೆ ಕಾಯ್ತಾರೆ ಅಂತ ಅರ್ಮಾನ್ ಹೇಳಿದ.

"ಕಳ್ಳಂಗೆ ವಾಪಸ್ ಬರಾಕೆ ದಾರಿ ಗೊತ್ತಿರ್ತದಾ?"

ಗೊತ್ತಿರುತ್ತೆ ಅಮ್ಮಿ ಅಂದ.

"ಅಂಗಾದ್ರೆ ನನ್ ಮಗಳು ಕಳ್ಳ. ಅವಳು ಮಡಕೆ ಅಗೆಯೋ ಊರಿಗೆ ಓಗ್ಬೇಕು. ಫೋನಾಗೆ ಮಾತಾಡಿದ್ದು ಕೇಳಿಸ್ಕಂಡಿವ್ನಿ."

ತಮ್ಮಂದಿರು ಯಾವ ಊರು, ಯಾವ ಮಡಕೆ ಅಂತ ಕೇಳೋದ್ರೊಳಗೆ ಅಮ್ಮಿ ನನ್ನ ಕಡೆ ತಿರುಗಿ, ಈಗ ನಿನ್ನ ಸರದಿ, ತಮ್ಮನಿಗೆ ಆರಿಸು ಅಂದ್ರು. ಕತ್ತಿ ಕೊಡೋಕೆ ಮುಂಚೆ ಒಂದ್ಸಲ ಅವನ ಕಡೆ ನೋಡು ಅಂದ್ರು.

ನೋಡಿದ್ರೆ ನನ್ನ ಬೆರಳು ಆಗ್ಲೇ ಪೈಲ್ವಾನ್ ಮೇಲಿತ್ತು. ಅಭ್ಯಾಸ ಬಲ. ಜೀಷಾನ್‌ಗೆ ಪ್ರತೀ ಸಲ ಕತ್ತಿ ಹಿಡಿಸಿದವಳು ನಾನೇ ತಾನೆ. ಅವನ ಕಡೆ ನೋಡಿದೆ. ಸ್ಕೂಲ್ ಬ್ಯಾಗಲ್ಲಿ ಕಾಲು ಮುರಿದ ನಾಯಿಮರಿ ಇಟ್ಕೊಂಡು ಬಂದು ಐಸ್‌ಕ್ರೀಮ್ ಕಡ್ಡಿ ಕಟ್ಟಿದ್ದ ಹುಡುಗ ಇವನೇ. ಆ ಹುಡುಗ ಎಲ್ಲಿ ಕಳೆದುಹೋಗಿದ್ನೋ. ನಾನು ಹಕೀಮ ಒತ್ತಿದೆ.

ನಂಗೇನ್ ಬರುತ್ತೆ ಆಪಾ ಅಂದ ಜೀಷಾನ್. ಕಲ್ತ್ಕೋ ಅಂದೆ. ಅವನು ಅರ್ಮಾನ್‌ನ ಜಾದೂಗಾರ ಮಾಡಿದ. ಉಳಿದಿದ್ದು ಒಂದೇ, ಅರ್ಮಾನ್ ಅಮ್ಮಿಯನ್ನ ಪೈಲ್ವಾನ್ ಮಾಡಿದ. ಮಲಗಿರೋ ಪೈಲ್ವಾನ್ ಅಂತ ಅಮ್ಮಿ ಸೊಂಟ ಹಿಡ್ಕೊಂಡು ನಕ್ಕರು.

ಗುಹೆಗೆ ಇಳಿದ್ವಿ. ನಾನು ಮುಂದೆ. ನೀಲಿ ಗೆರೆಗಳು ನನ್ನ ಎರಡೂ ಕಡೆ ಹಿಂದಕ್ಕೆ ಸರೀತಾ ಹೋದ್ವು, ಹೊಂಗೆ ಎಲೆಯ ನೆರಳು ಪರದೆ ಮೇಲೆ ಬಿತ್ತು, ರಾಯಚೂರಿನ ಮಣ್ಣೂ ಕೊಡಿಗೇಹಳ್ಳಿಯ ಮಧ್ಯಾಹ್ನವೂ ಒಂದೇ ಕಡೆ ಇದ್ದ ಹಾಗಿತ್ತು. ಅಷ್ಟರಲ್ಲಿ ಮಸೀದಿಯಿಂದ ಅಸರ್ ನಮಾಜಿನ ಆಜಾನ್ ಕೇಳಿಸ್ತು. ಅಮ್ಮಿಯ ವಜೂ ಹೊತ್ತು. ನಾನು ಅರ್ಧ ಎದ್ದೇಬಿಟ್ಟಿದ್ದೆ.

ಅಮ್ಮಿ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದ್ರು. "ನೀ ಕೂತ್ಕ. ಅಕೀಮ ಬರ್ಲಿ."

ಜೀಷಾನ್ ಎದ್ದ. ಬೇಸಿನ್ ಎಲ್ಲಿದೆ ಅಂತ ನನ್ನ ಕೇಳಿದ, ನಾನು ತುಟಿ ಕಚ್ಕೊಂಡು ಕೂತೆ. ಅಮ್ಮಿಯೇ ಹೇಳಿದ್ರು. ನೀರು ಚೆಲ್ಲಿದ, ಬೆನ್ನಿಗೆ ದಿಂಬು ತಪ್ಪಾಗಿಟ್ಟ, ಅಮ್ಮಿ ಒಂದು ಸಲ ನರಳಿದ್ರು. ಕೂತಿರೋದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರ್ಲಿಲ್ಲ. ಮೈಯೆಲ್ಲ ಎದ್ದು ಅಮ್ಮಿ ಹತ್ರ ಹೋದ ಹಾಗಿತ್ತು, ಕೂತಿದ್ದು ನಾನೊಬ್ಬಳೇ. ಅರ್ಮಾನ್ ಬಟ್ಟೆ ತಂದ್ಕೊಟ್ಟ, ಸ್ನಾನಕ್ಕೆ ಯಾರನ್ನಾದ್ರೂ ಹೆಂಗಸರನ್ನ ಗೊತ್ತು ಮಾಡ್ತೀನಿ ಅಂತ ತನ್ನಷ್ಟಕ್ಕೆ ತಾನೇ ಹೇಳ್ಕೊಂಡ.

ಜೀಷಾನ್ ನೆಲದ ಮೇಲೆ ಮಂಡಿಯೂರಿ ಅಮ್ಮಿಯ ಪಾದ ತೊಳೀತಿದ್ದ, ಶರಟಿನ ತೋಳು ಮೊಣಕೈವರೆಗೂ ಒದ್ದೆ. ಬೆರಳ ಸಂದಿ ನಿಧಾನಕ್ಕೆ ಒರೆಸ್ತಾ, ತಲೆ ಎತ್ತದೇ ಕೇಳಿದ.

"ಎಷ್ಟು ದಿನ ಆಪಾ?"

"ಆರು ತಿಂಗಳು."

ಅವನು ಆ ಪಾದ ಒರೆಸಿ ಕೆಳಗಿಟ್ಟ. ಇನ್ನೊಂದು ಪಾದ ತೊಡೆ ಮೇಲಿಟ್ಕೊಂಡ.

"ಎಣ್ಣೆ ಎಲ್ಲಿಡ್ತೀಯ, ಅದೊಂದು ಹೇಳ್ಬಿಟ್ಟು ಹೋಗು."