ಉಲ್ಟಾ ಅಕ್ಕ

ಹೊಲಿಗೆಯೆಲ್ಲ ಹೊರಗೆ ಕಾಣುವಂತೆ ಸ್ವೆಟರನ್ನು ಮಗುಚಿ ತೊಟ್ಟು, ಎಡಗೈ ಬೆರಳುಗಳ ತುದಿಯನ್ನು ಗೋಡೆಗೆ ತಾಗಿಸಿಕೊಂಡು, ಆ ಉದ್ದನೆಯ ಕಾರಿಡಾರಿನಲ್ಲಿ ಅವಳು ನಡೆದು ಬರುತ್ತಿದ್ದರೆ ಹೊಸಬರು ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಪಾಪ, ಅವಸರದಲ್ಲಿ ಹಾಗೇ ಹಾಕಿಕೊಂಡು ಬಂದುಬಿಟ್ಟಿದ್ದಾಳೆ ಎಂದು ಮರುಗಿ, ಬದಿಗೆ ಕರೆದು ಕಿವಿಯಲ್ಲಿ ಹೇಳಿದವರೂ ಉಂಟು. ಅವಳು ಅವರ ಭುಜದಾಚೆಗಿನ ಕಿಟಕಿಯನ್ನು ನೋಡುತ್ತ, "ಗೊತ್ತು. ಒಳಗಿದ್ರೆ ಹೊಲಿಗೆ ಚುಚ್ಚುತ್ತೆ," ಎಂದು ಹೇಳಿ ಮುಂದೆ ಸಾಗುತ್ತಿದ್ದಳು. ಚುಚ್ಚುವುದು ಮೈಗೆ ತಾಗಬಾರದು, ನೋಡುವವರಿಗೆ ಹೇಗೆ ಕಂಡರೇನು ಎಂಬ ಈ ಸರಳ ತರ್ಕಕ್ಕೆ ಎದುರುವಾದ ಹೂಡುವುದು ಯಾರಿಂದಲೂ ಆಗಲಿಲ್ಲ. ಆಗದಿದ್ದಾಗ ಲೋಕ ಏನು ಮಾಡುತ್ತದೋ ಅದನ್ನೇ ಕಚೇರಿಯವರೂ ಮಾಡಿದರು, ಅಡ್ಡಹೆಸರಿಟ್ಟರು. ಅಂದಿನಿಂದ ಅವಳು ಉಲ್ಟಾ ಅಕ್ಕ.

ಅದು ಆಟಿಸಂ ಇರುವ ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಕುರಿತು ಸಂಶೋಧನೆ ನಡೆಸುವ ಸಂಸ್ಥೆ. ಹುಡುಗರಲ್ಲಿ ಬೇಗ ಗುರುತಿಗೆ ಸಿಗುವ ಈ ಸ್ಥಿತಿ ಹುಡುಗಿಯರಲ್ಲಿ ಯಾಕೆ ವರ್ಷಾನುಗಟ್ಟಲೆ ಮರೆಯಾಗಿ ಉಳಿಯುತ್ತದೆ, ನಾಚಿಕೆ ಸ್ವಭಾವದವಳು, ಹಟಮಾರಿ, ಒಂದು ಥರದವಳು ಎಂಬ ಹಣೆಪಟ್ಟಿಗಳ ಕೆಳಗೆ ಅವರು ತಮ್ಮನ್ನು ತಾವು ಏನೆಂದು ತಿಳಿದು ಬಾಳುತ್ತಾರೆ ಎಂಬುದು ಅಲ್ಲಿಯ ಅಧ್ಯಯನದ ವಿಷಯ. ಅದರ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು, ಎದುರಿಗಿಟ್ಟ ಚಹಾ ಆರಿ ತಣ್ಣಗಾದರೂ ಪರಿವೆಯಿಲ್ಲದಷ್ಟು ಕೆಲಸದಲ್ಲಿ ಮುಳುಗಿದವರು. ಅವರ ವಿಧಾನ ಇಷ್ಟೇ: ಒಂದು ಪುಟ್ಟ ಕೋಣೆ, ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲೊಂದು ಕ್ಯಾಮೆರಾ. ಬಂದ ಹುಡುಗಿ ಅಪರಿಚಿತಳೊಬ್ಬಳ ಜೊತೆ ಸ್ವಲ್ಪ ಹೊತ್ತು ಹರಟಬೇಕು. ಬೇರೆಡೆ ಕುಳಿತ ಪರೀಕ್ಷಕರು ಆ ವಿಡಿಯೋ ನೋಡಿ, ಹರಟುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅಂಕ ಹಾಕುತ್ತಾರೆ. ಅಂಕ ಸಾಕಷ್ಟಿದ್ದರೆ ಇದು ಹಟವಲ್ಲ, ಆಟಿಸಂ ಎಂದು ಸಂಸ್ಥೆ ಬರೆದುಕೊಡುತ್ತದೆ. ಬರೆದುಕೊಟ್ಟರೆ ಶಾಲೆಯವರು ಆ ಮಗುವಿಗೆ ಗದ್ದಲವಿಲ್ಲದ ಒಂದು ಕೋಣೆ ಕೊಡಲೇಬೇಕು. ಇನ್ನು ಕೆಲವು ಸಹಾಯಕಿಯರಂತೆ, ಆ ಅಪರಿಚಿತಳಾಗಿ ಕುಳಿತುಕೊಳ್ಳುವುದೇ ಉಲ್ಟಾ ಅಕ್ಕನ ಉದ್ಯೋಗ.

ಸಂಬಳ ಕೊಟ್ಟು ಅಪರಿಚಿತಳಾಗಿರು ಎಂದರೆ ಅವಳಿಗೆ ಅದಕ್ಕಿಂತ ಸುಲಭವಾದದ್ದೇನಿತ್ತು! ಹುಟ್ಟಿದ ಮನೆಯಲ್ಲೇ ಅದನ್ನು ಬಿಟ್ಟಿಯಾಗಿ ಮಾಡಿಕೊಂಡು ಬಂದಿದ್ದಳು. ಅಣ್ಣ ಅತ್ತಿಗೆಯರ ಜೊತೆ ವಾಸ. ಅತ್ತಿಗೆ ಕೆಟ್ಟವಳೇನಲ್ಲ, ನಾದಿನಿ ನಾಲ್ಕು ಜನರೆದುರು ನಗೆಪಾಟಲಾಗಬಾರದೆಂಬ ಕಾಳಜಿಯಿಂದಲೇ, ನೆಂಟರು ಬರುವ ಮುಂಚೆ ಕನ್ನಡಿಯ ಮುಂದೆ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಳು. "ಮುಖ ನೋಡಿ ಮಾತಾಡೇ. ಹಲ್ಲು ಸ್ವಲ್ಪ ಕಾಣ್ಲಿ. ಅಯ್ಯೋ, ಅಷ್ಟಲ್ಲ ಮಾರಾಯ್ತಿ, ಅವರು ಹೆದರ್ಕೊಂಡು ಓಡಿಹೋಗ್ತಾರೆ!" ಉಲ್ಟಾ ಅಕ್ಕ ಶ್ರದ್ಧೆಯ ವಿದ್ಯಾರ್ಥಿನಿ. ಅತ್ತಿಗೆಯ ನಗೆ, ಅತ್ತಿಗೆ ಕತ್ತು ವಾಲಿಸುವ ರೀತಿ, ಎದುರಿನವರ ಮಾತು ಮುಗಿಯುವ ಮೊದಲೇ "ಅದಿರ್ಲಿ" ಎಂದು ಹೊಸ ಮಾತು ತೆಗೆಯುವ ಅವಳ ಚಾತುರ್ಯ, ಎಲ್ಲವನ್ನೂ ಚಾಚೂ ತಪ್ಪದೆ ಕಲಿತಳು. ನೆಂಟರ ಮುಂದೆ ಸ್ವೆಟರನ್ನೂ ಸರಿಯಾಗಿಯೇ ತೊಟ್ಟು, ಸಂಜೆಯವರೆಗೆ ಅತ್ತಿಗೆಯಾಗಿದ್ದು, ಅವರು ಹೋದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕೆಂಪು ಗೆರೆಗಳೆದ್ದ ಕುತ್ತಿಗೆಗೆ ತಣ್ಣೀರು ಹಾಕಿಕೊಳ್ಳುತ್ತಿದ್ದಳು. "ನಿಂಗೂ ಬರುತ್ತಲ್ಲ, ಮತ್ತೇನು ಧಾಡಿ ದಿನಾ ಹೀಗೇ ಇರೋಕೆ?" ಎಂದು ಅತ್ತಿಗೆ ಹೊರಗಿನಿಂದ ಕೇಳುತ್ತಿದ್ದಳು. ಇವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.

ಆದರೆ ಆ ಪುಟ್ಟ ಕೋಣೆಯಲ್ಲಿ ಅವಳು ಅತ್ತಿಗೆಯಾಗಲಿಲ್ಲ. ಆಗಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಕುರ್ಚಿಯನ್ನು ಓರೆಯಾಗಿಟ್ಟುಕೊಂಡು, ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ಒಳಗೆ ಬಂದ ಹುಡುಗಿಗೆ ಹೆಸರೇನು, ಎಷ್ಟನೇ ಕ್ಲಾಸು, ದೊಡ್ಡವಳಾದ ಮೇಲೆ ಏನಾಗ್ತೀಯ ಎಂಬ ಸುಡುಗಾಡು ಪ್ರಶ್ನೆಗಳ ಕಾಟವಿಲ್ಲ. "ಮಾತಾಡ್ಬಹುದು, ಆಡದೇನೂ ಇರ್ಬಹುದು," ಎಂಬುದು ಅವಳ ಮೊದಲ ಮಾತು. ಎಷ್ಟೋ ಸಲ ಕೊನೆಯದೂ ಅದೇ. ಹಾಗೆ ಬಿಟ್ಟುಕೊಟ್ಟ ಮೌನದಲ್ಲಿ ಆ ಮಕ್ಕಳು ಮೊದಲು ಉಸಿರಾಡುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು.

ಅವರಲ್ಲೊಬ್ಬಳು ಲಿಫ್ಟ್ ಹುಡುಗಿ. ಹದಿಮೂರರ ಪ್ರಾಯ. ಶಾಲೆಯ ಗಂಟೆ ಹೊಡೆದರೆ ಬೆಂಚಿನಡಿ ತೂರಿಕೊಳ್ಳುವಳು, ಮುಖ ನೋಡಿ ಉತ್ತರ ಹೇಳೆಂದರೆ ಕಣ್ಣು ಮುಚ್ಚಿಕೊಳ್ಳುವಳು. ಈ ಹಟ ಬಿಡದಿದ್ದರೆ ಹೆಸರು ತೆಗೆದುಹಾಕುತ್ತೇವೆಂದು ಶಾಲೆಯವರು ಹೇಳಿ ಕಳಿಸಿದ್ದರು. ಮನೆಯಲ್ಲೂ ಬಾಯಿಬಿಡದ ಆ ಹುಡುಗಿ ಉಲ್ಟಾ ಅಕ್ಕನ ಸ್ವೆಟರನ್ನು ಕಂಡವಳೇ, "ನಂಗೂ ಚುಚ್ಚುತ್ತೆ," ಎಂದಳು. ಆಮೇಲೆ ಊರಿನ ಲಿಫ್ಟುಗಳ ಸಮಾಚಾರವೆಲ್ಲ ಹೊರಬಿತ್ತು. ಯಾವ ಕಟ್ಟಡದ ಲಿಫ್ಟು ಹೊರಡುವಾಗ ಯಾವ ಸ್ವರ ಹಿಡಿಯುತ್ತದೆ, ಯಾವುದು ನಿಲ್ಲುವಾಗ ಆಕಳಿಸುತ್ತದೆ ಎಂದು ಗುನುಗಿ ತೋರಿಸಿದಳು. ಅವಳು ಮೇಲೇರುವ ಸದ್ದು ಗುನುಗಿದರೆ ಉಲ್ಟಾ ಅಕ್ಕ ಕೆಳಗಿಳಿಯುವ ಸದ್ದು ಗುನುಗಿ ಉತ್ತರ ಕೊಟ್ಟಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾನೂ ಈ ಹುಡುಗಿಯರ ಪೈಕಿಯವಳೇ, ಇಷ್ಟು ವರ್ಷ ತನ್ನನ್ನು ಕಾಡಿದ್ದಕ್ಕೆ ಒಂದು ಹೆಸರಿದೆ ಎಂಬುದು ಅವಳಿಗೆ ಮನದಟ್ಟಾದದ್ದು ಆ ನಗೆಯ ನಡುವೆ. ಅದನ್ನು ಯಾವ ಪರೀಕ್ಷಕರೂ ಅಂಕ ಹಾಕಿ ತಿಳಿಸಬೇಕಾಗಲಿಲ್ಲ. ಅಂದು ಸಂಜೆ ಅವಳು ಗೋಡೆ ಮುಟ್ಟದೆಯೇ ಕಾರಿಡಾರು ದಾಟಿದಳು.

ಮುಂದಿನ ವಾರ ಫಲಿತಾಂಶ ಬಂತು. ಹುಡುಗಿ ತಾನಾಗಿ ಮಾತು ತೆಗೆದಿದ್ದಾಳೆ, ಕೇಳಿದ್ದಾಳೆ, ಹೇಳಿದ್ದಾಳೆ, ಜೊತೆಯವಳೊಂದಿಗೆ ಕೂಡಿ ನಕ್ಕಿದ್ದಾಳೆ. ತೊಂದರೆಯ ಲಕ್ಷಣವೇನೂ ಕಾಣುವುದಿಲ್ಲ. ಆ ಮಗುವಿನ ತಾಯಿ ಕಾರಿಡಾರಿನ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. "ಏನೂ ಇಲ್ಲ ಅಂತಾರಲ್ರೀ. ಹಾಗಾದ್ರೆ ಸ್ಕೂಲಲ್ಲಿ ಬೆಂಚಿನ ಕೆಳಗೆ ಕೂತ್ಕೊಂಡು ನಡುಗ್ತಾಳಲ್ಲ, ಅದು ಯಾರು?" ಉಲ್ಟಾ ಅಕ್ಕ ಅವಳ ಪಕ್ಕದಲ್ಲಿ ಕೂತಳು.

ಮೇಡಂಗೆ ಸಂಶಯ ಬಂತು. ಹಳೆಯ ವಿಡಿಯೋಗಳನ್ನೆಲ್ಲ ತೆಗೆಸಿ ನೋಡಿದರು. ಬೇರೆ ಸಹಾಯಕಿಯರೆದುರು ಬಿಗಿದುಕೊಂಡು, ತೊದಲಿ, ಉಗುರು ಕಚ್ಚಿ ಅಂಕ ಪಡೆದವರಂಥ ಹುಡುಗಿಯರೇ ಉಲ್ಟಾ ಅಕ್ಕನ ಕೋಣೆಯಲ್ಲಿ ಕಾಲು ಮಡಚಿಕೊಂಡು, ನಿರಾಳವಾಗಿ, ತಮ್ಮ ಮನೆಯಲ್ಲೂ ಇಲ್ಲದಷ್ಟು ಹಾಯಾಗಿ ಕೂತಿದ್ದರು. ಹಾಗೆ ಹಾಯಾಗಿ ಕೂತ ಒಬ್ಬಳಿಗೂ ಸಂಸ್ಥೆ ಏನನ್ನೂ ಬರೆದುಕೊಟ್ಟಿರಲಿಲ್ಲ. ಅವರೆಲ್ಲ ಬರಿಗೈಯಲ್ಲಿ ಅದೇ ಶಾಲೆಗಳಿಗೆ, ಅದೇ ಬೆಂಚುಗಳ ಅಡಿಗೆ ಮರಳಿ ಹೋಗಿದ್ದರು. ಮಾಡಿದ ಉಪಕಾರವೇ ಮಕ್ಕಳ ಕೊರಳಿಗೆ ಉರುಳಾಗಿತ್ತು.

"ತಪ್ಪು ನಿಂದಲ್ಲಮ್ಮ," ಎಂದರು ಮೇಡಂ, ಆರಿದ ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತ. "ಆದ್ರೆ ಜ್ವರ ನೋಡೋ ಕೋಣೇಲೇ ಜ್ವರ ಇಳಿದುಬಿಟ್ರೆ, ಜ್ವರ ಇದೆ ಅಂತ ನಾನು ಹೇಗೆ ಬರ್ಕೊಡ್ಲಿ?"

"ಹಾಗಾದ್ರೆ ಬೇರೆಯವರು ಕೂತ್ಕೊಳ್ಲಿ."

"ಆ ಲಿಫ್ಟಿನ ಮಗೂನ ನಿನ್ನೆ ಬೇರೆಯವರ ಹತ್ರ ಕರೆಸಿ ನೋಡ್ದೆ. ಬಾಗಿಲೇ ದಾಟ್ಲಿಲ್ಲ. ನಿನ್ನ ಹತ್ರ ಆದ್ರೆ ಮಾತ್ರ ಬರ್ತಾಳಂತೆ. ಸ್ಕೂಲಿನವರು ಈ ತಿಂಗಳ ಮೇಲೆ ಕಾಯಲ್ಲ."

"ನೀವೇ ಬರ್ಕೊಡಿ. ನಿಮಗೆ ಗೊತ್ತಲ್ಲ."

"ನಂಗೆ ಗೊತ್ತಿದ್ರೆ ಸಾಲ್ದು. ಅಂಕ ಇಲ್ದೆ ಬರ್ದ್ರೆ ನಾಳೆ ನಮ್ಮ ಮಾತನ್ನ ಯಾವ ಸ್ಕೂಲೂ ನಂಬಲ್ಲ. ಬೇರೆ ಎಲ್ಲರ ಥರ ಒಂದು ಸಲ ಅವಳ ಹತ್ರ ಮಾತಾಡು, ಅಷ್ಟೇ. ನಿಂಗೆ ಬರುತ್ತೆ, ನೆಂಟರ ಮುಂದೆ ಹಾಗೇ ಇರ್ತೀನಿ ಅಂತ ನೀನೇ ಒಂದ್ಸಲ ಹೇಳಿದ್ದೆ."

ಉಲ್ಟಾ ಅಕ್ಕ ಕಿಟಕಿಯತ್ತ ತಿರುಗಿದಳು. "ಅವಳಿಗೆ ಮೊದ್ಲೇ ಹೇಳ್ಬಹುದಾ?"

"ಹೇಳಿದ್ರೆ ಅದು ನಾಟಕ ಆಗುತ್ತೆ," ಎಂದರು ಮೇಡಂ. ಅವರ ದನಿಯೂ ಬಿದ್ದುಹೋಗಿತ್ತು.

ಹುಡುಗಿಯನ್ನು ಮತ್ತೆ ಕರೆಸಿದ ದಿನ ಅವಳು ಸ್ವೆಟರನ್ನು ಸರಿಯಾಗಿ ತೊಟ್ಟು ಬಂದಳು. ಕುರ್ಚಿಯನ್ನು ಹುಡುಗಿಯ ಕುರ್ಚಿಗೆ ಎದುರುಬದುರಾಗಿ ಎಳೆದುಕೊಂಡಳು. ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಅತ್ತಿಗೆಯನ್ನು ಮೈಮೇಲೆ ಬರಿಸಿಕೊಂಡಳು. ಹುಡುಗಿ ಗುನುಗಿಕೊಂಡೇ ಒಳಗೆ ಬಂದಳು. ಹೊಸ ಆಸ್ಪತ್ರೆಯ ಲಿಫ್ಟು, ಮೊನ್ನೆಯಷ್ಟೇ ಪತ್ತೆ ಹಚ್ಚಿದ್ದು, ಅಕ್ಕನಿಗೇ ಮೊದಲು ಕೇಳಿಸಬೇಕೆಂದು ಕಾಪಾಡಿಕೊಂಡು ಬಂದದ್ದು.

"ಅದಿರ್ಲಿ," ಎಂದಳು ಉಲ್ಟಾ ಅಕ್ಕ, ಕತ್ತು ವಾಲಿಸಿ, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ ಕಾಣಿಸಿ, ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು. "ಸ್ಕೂಲ್ ಹೇಗಿದೆ? ನಿಂಗೆ ಫ್ರೆಂಡ್ಸ್ ಯಾರ್ಯಾರು?"

ಹುಡುಗಿ ಮತ್ತೊಮ್ಮೆ ಗುನುಗಿದಳು, ಈ ಸಲ ಮೆಲ್ಲಗೆ, ಮೊದಲಿನದು ಅಕ್ಕನಿಗೆ ಕೇಳಿಸಲಿಲ್ಲವೇನೋ ಎಂಬಂತೆ. ಗುನುಗಿ, ಕೆಳಗಿಳಿಯುವ ಸದ್ದಿಗಾಗಿ ಕಾದಳು. ಅದು ಉಲ್ಟಾ ಅಕ್ಕನ ಗಂಟಲಿನವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು. ಅದರ ಹಿಂದೆಯೇ ಮತ್ತೊಂದು. ಆಗ ಹುಡುಗಿಯ ನೋಟ ಅವಳ ಮುಖದಿಂದ ಜಾರಿ ಸ್ವೆಟರಿನ ಮೇಲೆ ನಿಂತಿತು.

"ಅಕ್ಕಾ, ಸರಿಯಾಗಿ ಹಾಕ್ಕೊಂಡಿದ್ದೀರಿ."

"ಹೌದು ಪುಟ್ಟಾ. ಚೆನ್ನಾಗಿದೆಯಾ?"

ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು, ಕುರ್ಚಿಯಿಂದ ಜಾರಿ, ಮೇಜಿನ ಕೆಳಗೆ ಸೇರಿಕೊಂಡಳು. ಅಲ್ಲಿಂದ ಅವಳು ನಡುಗುವ ಸದ್ದು ಮೇಜಿನ ಕಾಲಿನಲ್ಲಿ ಕೇಳುತ್ತಿತ್ತು. ಮೇಲೆ ಉಲ್ಟಾ ಅಕ್ಕ ಗೊತ್ತುಮಾಡಿದಷ್ಟು ಹೊತ್ತೂ ನಗುಮುಖ ಬಿಡದೆ ಕೂತಿದ್ದಳು, ಕ್ಯಾಮೆರಾ ನಡೆಯುತ್ತಿತ್ತು. ಅಂಕ ಬೇಕಾದ್ದಕ್ಕಿಂತ ಹೆಚ್ಚೇ ಬಂತು.

ಶಾಲೆಯವರು ಕೋಣೆ ಕೊಟ್ಟರು. ಆ ತಾಯಿ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಋಣ ತೀರ್ಸೋಕಾಗಲ್ಲ ಅಕ್ಕ."

"ಮಗಳು ಬರ್ಲಿಲ್ವಾ?"

"ಬರಲ್ಲ ಅಂದ್ಳು. ಆ ಲಿಫ್ಟಿನ ಹುಚ್ಚೂ ಬಿಟ್ಟಿದೆ ಈಗ. ದೊಡ್ಡೋಳಾಗ್ತಿದ್ದಾಳಲ್ಲ!" ಎಂದು ತಾಯಿ ಸಂಭ್ರಮದಿಂದ ಹೇಳಿದಳು. ಇವಳು ಹಲ್ಲು ಎಷ್ಟು ಕಾಣಬೇಕೋ ಅಷ್ಟು ಕಾಣಿಸಿ ನಕ್ಕಳು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ನನ್ನಂಥ ಬರೆಯುವವನಿಗೆ ಒಂದಿಷ್ಟು ಸಮಾಧಾನವಾದರೂ ಇರುತ್ತಿತ್ತು. ಬರುವ ಹುಡುಗಿಯರೆಲ್ಲ ಈಗ ಅವಳೆದುರೇ ಕೂರುತ್ತಾರೆ, ಏಕೆಂದರೆ ಸಾಧಾರಣ ಜನರಂತಿರುವುದನ್ನು ಅವಳಷ್ಟು ಕರಾರುವಾಕ್ಕಾಗಿ ಸಾಧಾರಣ ಜನರೂ ಮಾಡಲಾರರು. ಒಬ್ಬಳೂ ಬರಿಗೈಯಲ್ಲಿ ಮರಳುವುದಿಲ್ಲ. ಮೇಜಿನ ಕೆಳಗೆ ಮಾತ್ರ ದಿನಾ ಗುಡಿಸುವವರಿಗೆ ಕಚ್ಚಿ ಉಗುಳಿದ ಉಗುರಿನ ಚೂರುಗಳು ಸಿಗುತ್ತವೆ. ಅತ್ತಿಗೆಗೆ ನಾದಿನಿ ಸರಿಹೋದಳೆಂಬ ಹೆಮ್ಮೆ. ಕಚೇರಿಯಲ್ಲಿ ಆ ಅಡ್ಡಹೆಸರೂ ತಾನಾಗಿ ಬಿದ್ದುಹೋಯಿತು. ಈಗ ಹಾಗೆ ಕರೆಯಲು ಕಾರಣವೇ ಇಲ್ಲವಲ್ಲ.

ಇಂಥವರು ಎಲ್ಲ ಮನೆಗಳಲ್ಲೂ ಕಚೇರಿಗಳಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮ್ಮಂಥ ಇನ್ನೊಂದು ಜೀವ ನೋಯದೆ ಕೂರಬಹುದಾದಷ್ಟು ಜಾಗವನ್ನು ತಮ್ಮ ಸುತ್ತ ಹೊತ್ತುಕೊಂಡೇ ತಿರುಗುವವರು. ಅವರ ಪಕ್ಕದಲ್ಲಿ ಕೂತ ಮಗು ನೆಟ್ಟಗೆ ಕಾಣುತ್ತದೆ, ನೆಟ್ಟಗೆ ಕಂಡ ಮಗುವನ್ನು ನಾವು ನಂಬುವುದಿಲ್ಲ. ನಡುಗಿ ತೋರಿಸು, ಆಮೇಲೆ ಕೋಣೆ ಕೊಡುತ್ತೇವೆ ಎನ್ನುವುದು ನಮ್ಮ ನ್ಯಾಯ. ನಡುಗಿಸುವ ಕೆಲಸಕ್ಕೂ ನಾವು ಅವರನ್ನೇ ನೇಮಿಸುತ್ತೇವೆ. ಅವರು ಜಗಳವಾಡುವುದಿಲ್ಲ, ದೂರುವುದಿಲ್ಲ. ಕಲಿಸಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿ, ಹೊಲಿಗೆಯನ್ನು ಒಳಗಿಟ್ಟುಕೊಂಡು ಮನೆಗೆ ಹೋಗುತ್ತಾರೆ.