ಅವ್ವಣ್ಣನವರ ಕೆಂಪು ಬಿಲ್ಲೆಗಳು

ಅವ್ವಣ್ಣನವರು ಯಾವ ವಸ್ತುವನ್ನೂ ಮೊದಲು ಕೈಯಿಂದ ಮುಟ್ಟುತ್ತಿರಲಿಲ್ಲ, ಬೂಟಿನ ತುದಿಯಿಂದ ತಟ್ಟುತ್ತಿದ್ದರು. ಗೇಟಿನ ಕಂಬ, ಬೆಂಚಿನ ಕಾಲು, ಗ್ಯಾಸ್ ಸಿಲಿಂಡರು, ಎಲ್ಲಕ್ಕೂ ದಿನಾ ಒಂದೊಂದು ತಟ್ಟು. ಇಂದಾಪುರದ ಎಸ್ಟಿ, ಅಂದರೆ ಮಹಾರಾಷ್ಟ್ರದ ಸರಕಾರಿ ಬಸ್ಸಿನ, ಡಿಪೊದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವರು; ಬಸ್ಸು ಬಿಡುವ ಮೊದಲು ಟೈರು ತಟ್ಟಿ ಗಾಳಿ ನೋಡುವ ರೂಢಿ ಅವರ ಬಲಗಾಲಿಗೆ ಹತ್ತಿ, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ನಮ್ಮ ಅನ್ನದಾನದ ಅಡುಗೆಮನೆಗೆ ಬಂದ ಮೊದಲ ದಿನ ಅಕ್ಕಿಯ ಚೀಲಕ್ಕೂ ಹಾಗೆಯೇ ತಟ್ಟಿದರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅನ್ನಕ್ಕ ಬೂಟ ತಾಗಸಬ್ಯಾಡ್ರಿ, ಅದು ನಿಮ್ಮ ಎಸ್ಟಿ ಗಾಡಿ ಅಲ್ಲ" ಅಂದೆ. ಅವರು ನನ್ನನ್ನೂ ಚೀಲವನ್ನೂ ನೋಡಿದರು. "ಖರೆ ಅದರಿ" ಎಂದು ಹೊರಗೆ ಹೋಗಿ ಬೂಟು ಬಿಚ್ಚಿಟ್ಟು ಬಂದರು. ಅಂದಿನಿಂದ ಹೊಸ್ತಿಲಿನ ತನಕ ಬೂಟಿನ ತಟ್ಟು, ಹೊಸ್ತಿಲು ದಾಟಿದ ಮೇಲೆ ಬೆರಳಿನ ಗೆಣ್ಣಿನದು.

ಬೇಸಿಗೆಯಲ್ಲೂ ಅವರ ಮೈಮೇಲೆ ಖಾಕಿ ಕೋಟು ಇರುತ್ತಿತ್ತು. ಎದೆಯ ಮೇಲೆ ನಂಬರಿನ ಬಿಲ್ಲೆ ಕಿತ್ತ ಕಡೆ ಬಣ್ಣ ಮಾಸದೆ ಒಂದು ಉದ್ದನೆಯ ಗುರುತು ಉಳಿದಿತ್ತು. ಎಡಗಿಸೆಯಲ್ಲಿ ಸದಾ ಸುಣ್ಣದ ಕಡ್ಡಿ, ಆದ್ದರಿಂದ ಆ ಕಿಸೆ ಎಷ್ಟು ಒಗೆದರೂ ಬೆಳ್ಳಗೆ. ಹುಟ್ಟಿದ್ದು ಚಿಕ್ಕೋಡಿಯ ಕಡೆ, ದುಡಿದದ್ದು ಮರಾಠಿಯಲ್ಲಿ. ಮಾತು ಮಾತ್ರ ಯಾವ ಭಾಷೆಯದಾದರೂ ಬಸ್ಸು ಕೂಗುವ ಧಾಟಿಯಲ್ಲೇ ಬರುತ್ತಿತ್ತು. "ಬೇಳಿ ತಯಾರದ, ಬೇಳಿ, ಬೇಳಿ" ಎಂದು ಅವರು ಅಂದರೆ ಆಸ್ಪತ್ರೆಯ ಮೆಟ್ಟಿಲಿನ ತನಕ ಕೇಳಿಸುತ್ತಿತ್ತು.

ಪುಣೆ ಕ್ಯಾಂಪಿನ ದೊಡ್ಡ ಆಸ್ಪತ್ರೆಯೊಂದರ ಹಿಂದಿನ ಗಲ್ಲಿಯಲ್ಲಿದೆ ಈ ಅಡುಗೆಮನೆ. ಕಟ್ಟಿದವರು ಗೋದಾತಾಯಿ. ಅವರ ಯಜಮಾನರು ಅದೇ ಆಸ್ಪತ್ರೆಯಲ್ಲಿ ನಲವತ್ತು ದಿನ ಮಲಗಿದ್ದಾಗ ತಾಯಿ ಮೆಟ್ಟಿಲ ಮೇಲೆ ಕೂತು ಬಿಸ್ಕೀಟು ತಿಂದು ದಿನ ಕಳೆದಿದ್ದರಂತೆ. ರೋಗಿಗೆ ಆಸ್ಪತ್ರೆಯ ಊಟವಿದೆ, ರೋಗಿಯ ಜೊತೆ ಬಂದವರಿಗೆ ಏನಿದೆ ಎನ್ನುವ ಒಂದು ಪ್ರಶ್ನೆಯಿಂದ ಇದು ಹುಟ್ಟಿತು. ಗೋಡೆಯ ಮೇಲೆ ಮರಾಠಿಯಲ್ಲಿ ದೊಡ್ಡ ಫಲಕ ಹಾಕಿಸಿದರು: ಇಲ್ಲಿಂದ ಯಾರೂ ಹಸಿದು ಹೋಗುವುದಿಲ್ಲ. ನನಗೆ ಆ ಅಕ್ಷರ ಓದಲು ಬಾರದು, ತಾಯಿಯೇ ಬೆರಳಿಟ್ಟು ಒಂದೊಂದಾಗಿ ಓದಿ ಹೇಳಿದ್ದರು.

ಮಾತು ದೊಡ್ಡದಿತ್ತು, ನಮ್ಮ ಕೈಗಳಿಗೆ ಅದು ಸಿಗುತ್ತಿರಲಿಲ್ಲ. ಎಲ್ಲರೂ ಎಲ್ಲವನ್ನೂ ಮಾಡುತ್ತಿದ್ದೆವು, ಹಾಗಾಗಿ ಉಪ್ಪನ್ನು ಮೂವರು ಹಾಕಿದ ದಿನವೂ ಇತ್ತು, ಯಾರೂ ಹಾಕದ ದಿನವೂ ಇತ್ತು. ಒಂದು ದಿನ ಹನ್ನೆರಡೂವರೆಗೇ ಬೇಳೆ ತಳ ಕಂಡರೆ, ಮರುದಿನ ಅರ್ಧ ಪಾತ್ರೆ ಹಾಗೆಯೇ ಉಳಿಯುತ್ತಿತ್ತು. ಆಗ ವಿಮಾನ ನಗರದ ಆಫೀಸಿನಲ್ಲಿ ಕೆಲಸ ಮಾಡುವ ಅಮೋಘ ಎನ್ನುವ ಮೈಸೂರು ಕಡೆಯ ತರುಣ ಶನಿವಾರಗಳಲ್ಲಿ ಬಡಿಸಲು ಬರುತ್ತಿದ್ದ. ಒಳ್ಳೆಯವನು. ನಮ್ಮ ಗೊಂದಲ ನೋಡಲಾರದೆ ಒಂದು ದಿನ ಲ್ಯಾಪ್‌ಟಾಪ್ ತಂದು ಬಣ್ಣಬಣ್ಣದ ಚೌಕಗಳನ್ನು ತೋರಿಸಿದ.

"ಅಂಕಲ್, ಮೇಲಿರೋದು ನಮ್ಮ ವಿಷನ್. ಅದರ ಕೆಳಗೆ ಸ್ಟ್ರಾಟಜಿ. ಈ ಬಾಣಗಳು ಟೀಮ್‌ಗಳಿಗೆ ಹೋಗುತ್ವೆ."

ಅವ್ವಣ್ಣನವರು ಸೇರಿ ಆಗ ವಾರವಾಗಿತ್ತು ಅಷ್ಟೇ. ಕನ್ನಡಕ ಏರಿಸಿ ಎಲ್ಲ ಬಾಣಗಳನ್ನೂ ನೋಡಿದರು. "ಭಾಳ ಛಲೋ ಅದಪಾ. ಮುಂಜಾನೆ ಏಳಕ್ಕ ಯಾರ ಕೈಯಾಗ ಏನು?"

"ಅದು... ಅದು ಮುಂದಿನ ಸ್ಲೈಡಲ್ಲಿ ಬರುತ್ತೆ ಅಂಕಲ್."

"ಮುಂದಿಂದು ಬರೂದ್ರಾಗ ಬೇಳಿ ಹೊತ್ತತದ" ಅಂದರು. ಅಮೋಘನೇ ಮೊದಲು ನಕ್ಕ.

ಯಾರ ಕೈಯಾಗ ಏನು. ಈ ಮಾತನ್ನು ಅವರ ಬಾಯಿಂದ ಕೇಳದ ದಿನವಿಲ್ಲ. ಗೋದಾತಾಯಿ ಏನಾದರೂ ದೊಡ್ಡ ಆಸೆ ಹೇಳಿದರೆ ತಲೆಬಾಗಿ ಪೂರ್ತಿ ಕೇಳಿ, ಕೊನೆಗೆ ಇದೊಂದು ಪ್ರಶ್ನೆ ಇಡುತ್ತಿದ್ದರು. ಆಮೇಲೆ ಆ ಕೆಲಸವನ್ನು ಮೂರು ದಿನ ತಾವೇ ಮಾಡಿ ನೋಡದೆ ಇನ್ನೊಬ್ಬರಿಗೆ ಒಪ್ಪಿಸುತ್ತಿರಲಿಲ್ಲ. ಪಾತ್ರೆ ತಿಕ್ಕಿದರು, ಬೇಳೆ ತೊಳೆದರು. ರೊಟ್ಟಿಗೂ ಕೂತರು, ಅವರ ರೊಟ್ಟಿ ಭೂಪಟದ ಹಾಗೆ ಬಂತು. ಬಳಿಕ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದೊಂದು ಪಾತ್ರೆಗೂ ಒಂದು ದುಂಡು ಬರೆದರು. ಏಳು ಗಂಟೆಗೆ ಯಾವ ದುಂಡು ಖಾಲಿಯಿದೆಯೋ ಆ ಕೆಲಸ ಆಗಿಲ್ಲ, ಓದುಬಾರದವರಿಗೂ ನಿಂತಲ್ಲೇ ಕಾಣುತ್ತದೆ. ಇನ್ನು ಊಟದ ಲೆಕ್ಕ. ಆಸ್ಪತ್ರೆಯಲ್ಲಿ ಪ್ರತಿ ರೋಗಿಯ ಕಡೆಯವರೊಬ್ಬರಿಗೆ ಒಂದು ಪಾಸು ಕೊಡುತ್ತಾರೆ. ಹನ್ನೊಂದರೊಳಗೆ ನಮ್ಮ ಕಿಟಕಿಯಲ್ಲಿ ಪಾಸು ತೋರಿಸಿದವರಿಗೆ ಒಂದು ನೀಲಿ ಬಿಲ್ಲೆ. ಎಷ್ಟು ಬಿಲ್ಲೆ ಹೋದವೋ ಅಷ್ಟು ಜನಕ್ಕೆ ಅಡುಗೆ. ಕಿಟಕಿಗೆ ನನ್ನನ್ನು ಕೂರಿಸಿದರು. "ರಂಗೂಬಾಯಿ ಹೇಳಿದ್ದನ್ನ ಹೇಳಿದ್ಹಂಗ ಮಾಡ್ತಾರ" ಎಂದು ಎಲ್ಲರೆದುರು ಅಂದಿದ್ದು ನನಗೆ ಹೆಮ್ಮೆಯಾಗಿತ್ತು.

ಎರಡು ವರ್ಷ ಬೇಳೆ ಸಾಲದ ದಿನವೂ ಬರಲಿಲ್ಲ, ಚೆಲ್ಲಿದ ದಿನವೂ ಬರಲಿಲ್ಲ.

ಹೋದ ವರ್ಷ ಆಷಾಢದಲ್ಲಿ, ಒಂದು ಮಂಗಳವಾರ, ನನ್ನ ವಯಸ್ಸಿನ ಒಬ್ಬ ಹೆಂಗಸು ಕಿಟಕಿಗೆ ಬಂದಳು. ಪಾಸು ಕೇಳಿದೆ. ಅವರು ಇಸಿದುಕೊಂಡರು ಎಂದು ಮರಾಠಿಯಲ್ಲಿ ಹೇಳಿದಳು. ಪಾಸಿಲ್ಲದೆ ಬಿಲ್ಲೆ ಇಲ್ಲ ಎಂದೆ. ಅವಳು ವಾದಿಸಲಿಲ್ಲ, ಸರಿದು ನಿಂತಳು, ನಾನು ಹಿಂದಿನವರ ಪಾಸು ನೋಡಿದೆ. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು, ಚೀಲದಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ. ಗಂಡನನ್ನು ಕಳಕೊಂಡು ಹದಿನೆಂಟು ವರ್ಷವಾದ ನನಗೆ ಆ ಚಪ್ಪಲಿಯ ಅರ್ಥವನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೆ ನಾನು ನೋಡಿದ್ದು ಅವಳ ಕೈಯಲ್ಲಿ ಏನಿಲ್ಲ ಎನ್ನುವುದನ್ನಷ್ಟೇ.

ರೋಗಿ ತೀರಿಕೊಂಡರೆ ಆಸ್ಪತ್ರೆಯವರು ಪಾಸನ್ನು ಹಿಂದಕ್ಕೆ ಪಡೆಯುತ್ತಾರೆ. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹೆಣ ಕೊಡುವ ಕಾಗದಕ್ಕಾಗಿ ಅವಳು ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಎರಡು ಗಂಟೆಗೆ ಬೆಂಚು ತಟ್ಟುತ್ತ ಬಂದ ಅವ್ವಣ್ಣನವರಿಗೆ ಆಸ್ಪತ್ರೆಯ ಗೇಟಿನ ಕಾವಲುಗಾರ ಈ ಸಂಗತಿ ಹೇಳಿದ. ಅವರು ತಟ್ಟೆ ಹಿಡಿದು ಗೇಟಿಗೆ ಓಡುವಷ್ಟರಲ್ಲಿ ಶವದ ಗಾಡಿ ಹೊರಟುಹೋಗಿತ್ತು. ಊರು ಇಂದಾಪುರದ ಕಡೆಯದೇ. ಮೂರು ತಾಸಿನ ದಾರಿ.

ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, "ನೀವು ತಪ್ಪ ಮಾಡಿಲ್ರಿ ರಂಗೂಬಾಯಿ. ನಾ ಹೇಳಿದ್ದನ್ನ ಮಾಡೀರಿ. ತಪ್ಪು ನಾ ಹೇಳಿದ್ರಾಗ ಅದ" ಅಂದರು.

"ಕಣ್ಣ ನನ್ನವರಿ. ಚಪ್ಪಲ ಕಂಡಿದ್ದು ನನಗ" ಅಂದೆ.

ಆ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಅವರು ಹೊಸ್ತಿಲು ತಟ್ಟದೆ ಒಳಗೆ ಬಂದರು. "ಒಂದು ವಾರ ಕಿಟಕಿ ನನಗ ಬಿಡ್ರಿ" ಎಂದು ನನ್ನ ಮಣೆಯ ಮೇಲೆ ಕೂತರು. ಪಾಸಿಲ್ಲದೆ ಬಂದ ಒಬ್ಬೊಬ್ಬರನ್ನೂ ಯಾಕಿಲ್ಲ ಎಂದು ಕೇಳಿದರು. ಕೇಳುವ ಮೊದಲೇ ಉಣ್ಣಲು ಕಳಿಸಿದರು. ತಿಳಿದದ್ದು ಇದು: ಬೆಳಿಗ್ಗೆ ರೋಗಿಯನ್ನು ಹೊತ್ತು ತಂದವರಿಗೆ ಪಾಸು ಸಿಗುವುದು ಸಂಜೆಗೆ. ರೋಗಿಯನ್ನು ಐಸಿಯುಗೆ ಒಯ್ದರೆ ಹಳೆಯ ಪಾಸು ಹೋಗಿ ಹೊಸದು ಬರಲು ಒಂದು ದಿನ. ವಾರ ಮುಗಿದ ಮೇಲೆ ಕಿಟಕಿ ನನಗೆ ಬಿಟ್ಟುಕೊಡುತ್ತ ಮೆಲ್ಲಗೆ ಅಂದರು: "ಭಾಳ ಕಷ್ಟ ಇದ್ದವರಿಗೇ ಪಾಸ್ ಇರೂದಿಲ್ಲರಿ. ನಾವು ಅವರನ್ನೇ ಸೋಸಿ ಹೊರಗ ಇಟ್ಟೇವಿ." ಆ ದಿನ ಅವರ ಮಾತಿನಲ್ಲಿ ಕೂಗುವ ಧಾಟಿ ಇರಲಿಲ್ಲ.

ಮುಂದಿನ ಸಭೆಯಲ್ಲಿ ಅವರು ದಿನಕ್ಕೆ ಹತ್ತು ಬಿಲ್ಲೆ ಬೇರೆ ಇರಲಿ, ಅವಕ್ಕೆ ಪಾಸನ್ನೂ ಕೇಳುವುದು ಬೇಡ, ಹೆಸರನ್ನೂ ಕೇಳುವುದು ಬೇಡ ಎಂದರು. ಕಾರ್ಯದರ್ಶಿ ಋಷಿಕೇಶ ಒಪ್ಪಲಿಲ್ಲ. ರಿಕ್ಷಾದವರು, ದಾರಿಹೋಕರು ಎಲ್ಲ ನುಗ್ಗುತ್ತಾರೆ, ಎರಡು ವರ್ಷದ ಶಿಸ್ತು ಎರಡು ದಿನದಲ್ಲಿ ಹಾಳಾಗುತ್ತದೆ, ಅದನ್ನು ಕಟ್ಟಿದ ನೀವೇ ಮುರಿಯುತ್ತೀರಾ ಎಂದ. ಅವನದೂ ಸುಳ್ಳಲ್ಲ. ಬೇಳೆ ಸಾಲದ ದಿನಗಳನ್ನು ನೋಡಿದವನು ಅವನು.

ಅವ್ವಣ್ಣನವರು ಎದ್ದು ಹೊರಗೆ ಹೋದರು. ಸಿಟ್ಟಾಗಿ ಮನೆಗೆ ಹೊರಟರೇನೋ, ಇನ್ನು ಬರುವುದಿಲ್ಲವೇನೋ ಎಂದು ನಾನು ಎದ್ದು ಹೊಸ್ತಿಲಿಗೆ ಬಂದೆ. ಐದು ನಿಮಿಷಕ್ಕೆ ಪಕ್ಕದ ಪೇಂಟರನ ಏಣಿಯನ್ನು ಹೆಗಲ ಮೇಲೆ ಹೊತ್ತು ತಂದರು. ಗೋಡೆಗೆ ಆನಿಸಿ, ಅದರ ಕಾಲನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿ, ಮೇಲೆ ಹತ್ತಿ ಫಲಕದ ಹಗ್ಗ ಬಿಚ್ಚತೊಡಗಿದರು.

"ಅವ್ವಣ್ಣಾ, ಏನ ನಡಸೀರಿ?" ಋಷಿಕೇಶ ಮರಾಠಿಯಲ್ಲಿ ಕೂಗಿದ.

ಅವರು ತಿರುಗದೆ ಮರಾಠಿಯಲ್ಲೇ ಉತ್ತರ ಕೊಟ್ಟರು. ನನಗೆ ಅದು ಕನ್ನಡದಲ್ಲೇ ಕೇಳಿಸಿದ ಹಾಗೆ ನೆನಪಿದೆ: ಪಾಸಿನ ಕಟ್ಟಳೆ ಇಡುವುದಾದರೆ ಇಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೆ ಯಾರೂ ಹಸಿದು ಹೋಗುವುದಿಲ್ಲ ಎನ್ನುವ ಈ ಮಾತು ತೂಗುವುದು ಬೇಡ. ಬಸ್ಸಿಗೆ ಪುಣೆ ಎಂದು ಬೋರ್ಡು ಹಾಕಿ ಸೋಲಾಪುರಕ್ಕೆ ನಾನು ಎಂದೂ ಬಿಟ್ಟವನಲ್ಲ.

ಒಂದು ಕಡೆಯ ಹಗ್ಗ ಬಿಚ್ಚಿ ಫಲಕ ಓರೆಯಾಗಿ ನೇತಾಡಿತು. ಗೋದಾತಾಯಿ ಕುರ್ಚಿ ಹಿಡಿದು ಎದ್ದರು. ಅವರಿಗೆ ಎಂಬತ್ತರ ಹತ್ತಿರ. ಆ ಹಗ್ಗ ಮೊದಲಿನ ಹಾಗೆ ಕಟ್ಟಿ, ಕೆಳಗೆ ಇಳಿದು, ಕೈಗೆ ಎಟಕುವ ಕಡೆ ಒಂದು ಮೊಳೆ ಹೊಡೆಯಿರಿ ಅಂದರು. ಅಷ್ಟೇ.

ಮೊಳೆಗೆ ಹತ್ತು ಕೆಂಪು ಬಿಲ್ಲೆ ಬಂದವು. ಯಾರ ಕೈಗೆ ಕೊಡಬೇಕೆನ್ನುವುದನ್ನು ಕಿಟಕಿಯಲ್ಲಿ ಕೂತವರು ನೋಡಿ ತಿಳಿಯಬೇಕು, ಕೇಳಬಾರದು, ಇದೊಂದೇ ಕಟ್ಟಳೆ. ರಿಕ್ಷಾದವರು ಬಂದದ್ದು ಖರೆ. ಮೊದಲ ವಾರ ಮೂವರು, ಆಮೇಲೆ ಒಬ್ಬ. ಅವನೂ ಹಸಿದೇ ಇದ್ದ.

ಈಗ ಅವ್ವಣ್ಣನವರ ಮೊಣಕಾಲು ನಡೆಯುವುದಿಲ್ಲ. ವಿಮಾನ ನಗರದಲ್ಲಿ ಮಗಳ ಮನೆಯ ಐದನೆಯ ಮಜಲಿನಲ್ಲಿ ಕೂತು, ದಿನಾ ಹನ್ನೆರಡು ಗಂಟೆಗೆ ಫೋನ್ ಮಾಡುತ್ತಾರೆ. "ಮೊಳಿ ಮ್ಯಾಲ ಎಷ್ಟ ಉಳದಾವ್ರಿ?" ಆರು ಎಂದರೆ, "ನಾಕ ಮಂದಿ ಉಂಡ್ರು, ಛಲೋ ಆತು" ಎಂದು ಇಡುತ್ತಾರೆ. ಹೋದ ಸೋಮವಾರ ನಾನು ಹತ್ತಕ್ಕೆ ಹತ್ತೂ ಉಳಿದಿವೆ ಎಂದು ಸಮಾಧಾನದಿಂದಲೇ ಹೇಳಿದೆ. ಅವರು ಫೋನ್ ಇಡಲಿಲ್ಲ.

"ಯಾರೂ ಬಂದಿಲ್ಲೋ, ಯಾರೂ ಕೇಳಿಲ್ಲೋ?"

"ಕೇಳಿಲ್ರಿ."

"ಹಂಗಾದ್ರ ಏಳ್ರಿ. ಮೆಟ್ಟಲ ಮ್ಯಾಲ ನೋಡಿ ಬರ್ರಿ."

ಬಿಲ್ಲೆಗಳನ್ನು ಸೆರಗಿನಲ್ಲಿ ಹಿಡಿದು ಹೋದೆ. ಹಿಂದಿನ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು, ಒಬ್ಬಳ ಮಡಿಲಲ್ಲಿ ಮಡಚಿದ ಅಂಗಿ. ಏನೂ ಕೇಳದೆ ಎರಡು ಬಿಲ್ಲೆ ಅವರ ಕೈಯಲ್ಲಿಟ್ಟೆ.

ಒಳ್ಳೆಯ ಮಾತನ್ನು ಗೋಡೆಯ ಮೇಲೆ ಬರೆಸುವವರು ಬೇಕು, ಅವರಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಅದನ್ನು ನೆಲಕ್ಕಿಳಿಸಿ ಏಳು ಗಂಟೆಯ ಕೆಲಸ ಮಾಡುವವರೂ ಹುಡುಕಿದರೆ ಸಿಗುತ್ತಾರೆ. ಆದರೆ ತಾನೇ ಬೆವರು ಸುರಿಸಿ ಕಟ್ಟಿದ ಕ್ರಮ ಆ ಮಾತಿಗೇ ಅಡ್ಡ ನಿಂತಾಗ, ಕ್ರಮದ ಪರವಾಗಿ ವಾದಿಸದೆ ಏಣಿ ತರಲು ಹೋಗುವವರು ವಿರಳ. ಅಂಥವರು ಕಿಟಕಿಯಲ್ಲಿ ಒಂದು ವಾರ ಕೂತು ಎದ್ದರೂ ಸಾಕು, ಆಮೇಲೆ ಆ ಮಣೆಯ ಮೇಲೆ ಯಾರೇ ಕೂತರೂ ಮೊದಲು ಮನುಷ್ಯರ ಕೈಯಲ್ಲಿ ಏನಿದೆ ಎನ್ನುವುದನ್ನು ನೋಡುತ್ತಾರೆ.